ಅದೇ ವಾಂತಿ, ಬೇರೆ ಕಾಯಿಲೆ: ಕರುಳು ಮತ್ತು ಹಾರ್ಮೋನು ತೊಂದರೆಯ ಮಕ್ಕಳ ಆರೈಕೆಗೆ ನರ್ಸ್‌ಗಳ ಮಾರ್ಗದರ್ಶಿ

ವಾಂತಿ, ಹೊಟ್ಟೆನೋವು, ಸುಸ್ತು ಎಂದು ದಾಖಲಾಗುವ ಮಕ್ಕಳಲ್ಲಿ ಬಹುಪಾಲಿನವರಿಗೆ ಇರುವುದು ಕರುಳಿನ ಸೋಂಕು. ಹಾಗಾಗಿ ಎಲ್ಲರಿಗೂ ಅದೇ ಇರಬೇಕೆಂದುಕೊಂಡು ಕೈ ತಾನಾಗಿಯೇ ಡ್ರಿಪ್ ಸ್ಟ್ಯಾಂಡಿನ ಕಡೆ ಹೋಗುತ್ತದೆ. ಆದರೆ ಇವೇ ಮೂರು ದೂರು ಹೊತ್ತು ಇನ್ಸುಲಿನ್ ಇಲ್ಲದೆ ಕೀಟೋನು (ಕೊಬ್ಬು ಕರಗಿ ಹುಟ್ಟುವ ಆಮ್ಲ) ಏರಿದ ಮಗುವೂ ಬರುತ್ತದೆ, ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ಕೈಕೊಟ್ಟ ಎರಡು ವಾರದ ಕೂಸೂ ಬರುತ್ತದೆ. ಮಲಬದ್ಧತೆಯ ಹಿಂದೆ ಥೈರಾಯ್ಡ್ ಕೊರತೆ ಅಡಗಿರಬಹುದು. ಎತ್ತರ ಬೆಳೆಯುತ್ತಿಲ್ಲವೆಂದು ಹಾರ್ಮೋನು ತಜ್ಞರ ಬಳಿ ಬಂದ ಮಗುವಿಗೆ ಇರುವುದು ಗೋಧಿಯಲ್ಲಿರುವ ಗ್ಲೂಟೆನ್ ಒಗ್ಗದ ಸೀಲಿಯಾಕ್ ಕಾಯಿಲೆಯೇ ಆಗಿರಬಹುದು.

ಪಠ್ಯಪುಸ್ತಕದಲ್ಲಿ ಜೀರ್ಣಾಂಗಕ್ಕೊಂದು ಅಧ್ಯಾಯ, ನಿರ್ನಾಳ ಗ್ರಂಥಿಗಳಿಗೊಂದು ಅಧ್ಯಾಯ. ವಾರ್ಡಿನಲ್ಲಿ ಆ ಗೆರೆ ಇರುವುದಿಲ್ಲ. ಯಾವುದು ಕರುಳಿನದು, ಯಾವುದು ಗ್ರಂಥಿಯದು ಎಂದು ಮೊದಲು ಸುಳಿವು ಕೊಡುವುದು ಬಹಳ ಸಲ ನರ್ಸ್ ಬರೆದಿಟ್ಟ ತೂಕ, ಮೂತ್ರದ ಲೆಕ್ಕ ಮತ್ತು ಬೆರಳತುದಿಯ ಶುಗರ್. ಈ ಲೇಖನ ಆ ಮೂರು ಅಂಕಿಗಳ ಸುತ್ತಲೇ ಸುತ್ತುತ್ತದೆ. ಔಷಧದ ಪ್ರಮಾಣ ಬರೆದಿರುವ ಕಡೆಯಲ್ಲೆಲ್ಲ ಅದು ವೈದ್ಯರ ಆದೇಶವನ್ನು ತಾಳೆ ನೋಡುವುದಕ್ಕೆ ಮಾತ್ರ. ಆದೇಶ ಅವರದೇ.

ದಾಖಲಾದ ಮೊದಲ ಹತ್ತು ನಿಮಿಷ

ಮೊದಲು ತೂಕ. ಬಟ್ಟೆ ತೆಗೆಸಿ, ಒದ್ದೆ ಡೈಪರ್ ತೆಗೆಸಿ ತೂಗಿ. ತಾಯಿ ಹೇಳಿದ ತೂಕವನ್ನು ಚಾರ್ಟಿಗೆ ಇಳಿಸಬೇಡಿ. ಅದನ್ನು ಪಕ್ಕದಲ್ಲಿ 'ಹಿಂದಿನ ತೂಕ' ಎಂದು ಬರೆದುಕೊಳ್ಳಿ, ಯಾಕೆಂದರೆ ಅದೂ ಬೇಕಾಗುತ್ತದೆ. ಕಳೆದ ವಾರ ಲಸಿಕೆಗೆ ಬಂದಾಗ 9 ಕೆಜಿ ಇದ್ದ ಮಗು ಇಂದು 8.3 ಕೆಜಿ ಇದ್ದರೆ, ಕಡಿಮೆಯಾದ 700 ಗ್ರಾಂ ಹೆಚ್ಚುಕಡಿಮೆ ಪೂರ್ತಿ ನೀರೇ. ಅಂದರೆ ಸುಮಾರು 700 ಮಿಲಿ ಕೊರತೆ, ತೂಕದ ಶೇ. 8ರ ಹತ್ತಿರ. ಇಷ್ಟು ಖಚಿತವಾದ ಲೆಕ್ಕವನ್ನು ಕಣ್ಣು, ಚರ್ಮ, ನಾಲಿಗೆ ನೋಡಿ ಯಾರೂ ಹೇಳಲಾರರು.

ಎರಡನೆಯದು ಮೂತ್ರದ ಪ್ರಶ್ನೆ. 'ಮೂತ್ರ ಹೋಗ್ತಿದೆಯಾ?' ಎಂದು ಕೇಳಿದರೆ 'ಹೂಂ' ಎಂಬ ಉತ್ತರ ಬರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಕೊನೆಯ ಸಲ ಯಾವಾಗ, ಡೈಪರ್ ಎಷ್ಟು ಭಾರವಿತ್ತು, ರಾತ್ರಿ ಎಷ್ಟು ಸಲ ಎದ್ದ, ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದವಳು ಮತ್ತೆ ಶುರು ಮಾಡಿದ್ದಾಳಾ ಎಂದು ಬಿಡಿಸಿ ಕೇಳಿ. ವಾಂತಿ ಭೇದಿಯಿಂದ ಒಣಗಿದ ಮಗುವಿಗೆ ಮೂತ್ರ ಕಡಿಮೆಯಾಗಲೇಬೇಕು. ಬಾಯಿ ಒಣಗಿದೆ, ಕಣ್ಣು ಗುಳಿಬಿದ್ದಿದೆ, ಆದರೂ ಮೂತ್ರ ಧಾರಾಳವಾಗಿ ಹೋಗುತ್ತಿದೆ ಎಂದರೆ ಅಲ್ಲೇ ನಿಲ್ಲಿ. ಇದು ಬರಿಯ ಕರುಳಿನ ಸೋಂಕಲ್ಲ. ಸಿಹಿಮೂತ್ರ, ಮೂತ್ರದಲ್ಲಿ ಉಪ್ಪು ಸೋರಿಹೋಗುವ ಅಡ್ರಿನಲ್ ಕೊರತೆ, ನೀರನ್ನು ಹಿಡಿದಿಡುವ ವ್ಯಾಸೊಪ್ರೆಸಿನ್ ಹಾರ್ಮೋನಿನ ಕೊರತೆ, ಈ ಮೂರರಲ್ಲೂ ದೇಹ ಒಣಗುತ್ತಿದ್ದರೂ ಮೂತ್ರ ನಿಲ್ಲುವುದಿಲ್ಲ.

ಮೂರನೆಯದು ಶುಗರ್. ವಾಂತಿ, ವೇಗದ ಉಸಿರಾಟ, ಮಂಪರು ಇವುಗಳಲ್ಲಿ ಯಾವುದೇ ಇದ್ದರೂ ಬೆರಳತುದಿಯ ಶುಗರ್ ನೋಡಿ. ಶುಗರ್ ಏರಿದ್ದರೆ ಒಂದು ದಾರಿ ಸಿಗುತ್ತದೆ. ಇಳಿದಿದ್ದರೂ ಸುಳಿವೇ: ಊಟ ಬಿಟ್ಟ ಪುಟ್ಟ ಮಗು ಆಗಿರಬಹುದು, ಅಡ್ರಿನಲ್ ಕೊರತೆಯೂ ಆಗಿರಬಹುದು.

ಆಮೇಲೆ ವಾಂತಿಯ ಬಣ್ಣ. ತಾಯಿಗೆ ಬಾಯಿಮಾತಿನಲ್ಲಿ ಕೇಳುವುದಕ್ಕಿಂತ ವಾಂತಿ ಬಿದ್ದ ಬಟ್ಟೆ ತೋರಿಸಲು ಹೇಳುವುದು ಒಳ್ಳೆಯದು, ಒಬ್ಬರ 'ಹಳದಿ' ಇನ್ನೊಬ್ಬರ 'ಹಸಿರು' ಆಗಿರುತ್ತದೆ. ಹಸುಗೂಸಿನಲ್ಲಿ ಹಸಿರು ವಾಂತಿ ಎಂದರೆ, ಬೇರೆ ಕಾರಣ ಖಚಿತವಾಗುವವರೆಗೂ ಕರುಳು ತಿರುಚಿಕೊಂಡಿದೆ ಎಂದೇ ನಡೆದುಕೊಳ್ಳಬೇಕು. ತಿರುಚಿದ ಕರುಳಿಗೆ ರಕ್ತ ನಿಂತುಹೋಗಿ ಕೆಲವೇ ಗಂಟೆಗಳಲ್ಲಿ ಕೊಳೆಯಬಹುದು. ಬಾಯಿಂದ ಏನೂ ಕೊಡಬೇಡಿ, ಹೊಟ್ಟೆ ಖಾಲಿ ಮಾಡಲು ಟ್ಯೂಬು ಸಿದ್ಧಮಾಡಿ, ಶಸ್ತ್ರಚಿಕಿತ್ಸಕರನ್ನು ಆಗಲೇ ಕರೆಸಿ. ವಾರ್ಡ್ ರೌಂಡ್ಸ್ ಬರಲಿ ಎಂದು ಕಾಯುವ ವಿಷಯವಲ್ಲ.

ಕೊನೆಯದು ಉಸಿರಾಟ. ಒಂದು ನಿಮಿಷ ಪೂರ್ತಿ ಎಣಿಸಿ. ಎದೆಯಲ್ಲಿ ಕಫವಿಲ್ಲ, ಪಕ್ಕೆ ಒಳಸೇದುತ್ತಿಲ್ಲ, ಆದರೂ ಮಗು ಆಳವಾಗಿ, ಬೇಗಬೇಗ ಉಸಿರೆಳೆಯುತ್ತಿದ್ದರೆ ಅದು ರಕ್ತದಲ್ಲಿ ಆಮ್ಲ ಏರಿದ್ದರ ಗುರುತು. ಅಂಥ ಮಗುವಿಗೆ ನೆಬ್ಯುಲೈಸರ್ ಹಾಕಿ ಕೂರುವ ಮುನ್ನ ಶುಗರ್ ನೋಡಿರಬೇಕು.

ಹೋದ ನೀರು, ಕೊಡಬೇಕಾದ ನೀರು

ವಿಶ್ವ ಆರೋಗ್ಯ ಸಂಸ್ಥೆಯ ವಿಂಗಡಣೆ ಸರಳವಾಗಿದೆ. ಮಗು ಕಿರಿಕಿರಿ ಮಾಡುತ್ತಿದೆ, ಕಣ್ಣು ಗುಳಿಬಿದ್ದಿದೆ, ನೀರು ಕಂಡರೆ ಆಸೆಯಿಂದ ಕುಡಿಯುತ್ತಿದೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ನಿಧಾನವಾಗಿ ಹಿಂತಿರುಗುತ್ತದೆ: ಇವುಗಳಲ್ಲಿ ಎರಡಾದರೂ ಇದ್ದರೆ ಮಧ್ಯಮ ನಿರ್ಜಲೀಕರಣ. ಮಂಪರು ಅಥವಾ ಪ್ರಜ್ಞೆ ಇಲ್ಲ, ಕುಡಿಯಲು ಆಗುತ್ತಿಲ್ಲ, ಕಣ್ಣು ಗುಳಿಬಿದ್ದಿದೆ, ಚಿವುಟಿದ ಚರ್ಮ ಮರಳಲು 2 ಸೆಕೆಂಡಿಗಿಂತ ಹೆಚ್ಚು ಹೊತ್ತು ಬೇಕು: ಇವುಗಳಲ್ಲಿ ಎರಡಿದ್ದರೆ ತೀವ್ರ. ತೀರಾ ಬಡಕಲಾದ ಮಗುವಿನಲ್ಲಿ ಚರ್ಮ ಹೇಗೂ ಸಡಿಲವಿರುತ್ತದೆ, ದುಂಡಗಿರುವ ಮಗುವಿನಲ್ಲಿ ನೀರು ಹೋಗಿದ್ದರೂ ಚರ್ಮ ಬೇಗ ಮರಳುತ್ತದೆ. ಆ ಇಬ್ಬರಲ್ಲೂ ಚಿವುಟಿ ನೋಡುವ ಪರೀಕ್ಷೆಯನ್ನು ನಂಬಬೇಡಿ.

ತೀವ್ರವಾಗಿದ್ದರೆ ರಕ್ತನಾಳದ ಮೂಲಕ ರಿಂಗರ್ ಲ್ಯಾಕ್ಟೇಟ್ ಎಂಬ ಲವಣ ದ್ರಾವಣ, ಒಟ್ಟು ಪ್ರತಿ ಕೆಜಿಗೆ 100 ಮಿಲಿ. ಒಂದು ವರ್ಷದೊಳಗಿನ ಮಗುವಿಗೆ ಮೊದಲ 30 ಮಿಲಿ ಒಂದು ಗಂಟೆಯಲ್ಲಿ, ಉಳಿದ 70 ಮಿಲಿ ಐದು ಗಂಟೆಯಲ್ಲಿ. ದೊಡ್ಡ ಮಗುವಿಗೆ 30 ಮಿಲಿ ಅರ್ಧ ಗಂಟೆಯಲ್ಲಿ, 70 ಮಿಲಿ ಎರಡೂವರೆ ಗಂಟೆಯಲ್ಲಿ. ತೀವ್ರ ಅಪೌಷ್ಟಿಕತೆಯ ಮಗುವಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ, ಹೃದಯಕ್ಕೆ ಹೊರೆಯಾಗುತ್ತದೆ.

ಮಧ್ಯಮ ನಿರ್ಜಲೀಕರಣಕ್ಕೆ ಓಆರ್‌ಎಸ್ ಸಾಕು, ಪ್ರತಿ ಕೆಜಿಗೆ 75 ಮಿಲಿ, ನಾಲ್ಕು ಗಂಟೆಯಲ್ಲಿ. 8 ಕೆಜಿಯ ಮಗುವಿಗೆ 600 ಮಿಲಿ, ಅಂದರೆ ಗಂಟೆಗೆ 150. ಕೇಳಲು ಬಹಳವೆನಿಸುತ್ತದೆ. ಆದರೆ ಎರಡು ನಿಮಿಷಕ್ಕೊಮ್ಮೆ 5 ಮಿಲಿಯ ಒಂದು ಚಮಚ ಕೊಟ್ಟರೆ ಗಂಟೆಗೆ ಸರಿಯಾಗಿ 150 ಮಿಲಿಯೇ ಆಗುತ್ತದೆ. ತಾಯಿಗೆ '600 ಮಿಲಿ ಕುಡಿಸಿ' ಎಂದರೆ ಲೋಟ ಹಿಡಿದು ಗಟಗಟ ಕುಡಿಸುತ್ತಾಳೆ, ಮಗು ಕಕ್ಕುತ್ತದೆ, 'ಬಾಯಿಂದ ಏನೂ ನಿಲ್ತಿಲ್ಲ ಸಿಸ್ಟರ್' ಎನ್ನುತ್ತಾಳೆ. 'ಗಡಿಯಾರ ನೋಡಿಕೊಂಡು ಎರಡು ನಿಮಿಷಕ್ಕೊಂದು ಚಮಚ' ಎಂದರೆ ಬಹುತೇಕ ಮಕ್ಕಳಲ್ಲಿ ನಿಲ್ಲುತ್ತದೆ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಇನ್ನೂ ನಿಧಾನವಾಗಿ ಮುಂದುವರಿಸಿ. ಡ್ರಿಪ್ ಹಾಕುವುದಕ್ಕಿಂತ ಇದಕ್ಕೆ ನಿಮ್ಮ ಸಮಯ ಹೆಚ್ಚು ಬೇಕು ಎಂಬುದು ನಿಜ. ಮೊದಲ ಕಾಲು ಗಂಟೆ ತಾಯಿಯ ಪಕ್ಕ ಕೂತು ನೀವೇ ಕುಡಿಸಿ ತೋರಿಸಿದರೆ ಮಿಕ್ಕ ಹೊತ್ತನ್ನು ಆಕೆ ನಿಭಾಯಿಸುತ್ತಾಳೆ.

ಓಆರ್‌ಎಸ್ ಪೊಟ್ಟಣವನ್ನು ಅರ್ಧ ಮಾಡಿ ಕಲಸುವಂತಿಲ್ಲ. ಪೂರ್ತಿ ಪುಡಿ, ಪೊಟ್ಟಣದ ಮೇಲೆ ಬರೆದಷ್ಟೇ ನೀರು, 24 ಗಂಟೆಯ ನಂತರ ಚೆಲ್ಲುವುದು. ಈಗಿನ ಸೂತ್ರದಲ್ಲಿ ಒಂದು ಲೀಟರಿಗೆ ಸೋಡಿಯಂ 75, ಗ್ಲೂಕೋಸ್ 75 ಮಿಲಿಮೋಲ್ ಇರುತ್ತವೆ. ಕರುಳಿನ ಗೋಡೆ ಈ ಎರಡನ್ನೂ ಜೊತೆಯಾಗಿ ಒಳಗೆ ಎಳೆದುಕೊಳ್ಳುತ್ತದೆ, ನೀರು ಅವುಗಳ ಹಿಂದೆಯೇ ಹೋಗುತ್ತದೆ. ತಂಪು ಪಾನೀಯದಲ್ಲಿ ಸಕ್ಕರೆ ವಿಪರೀತ, ಉಪ್ಪು ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಅದು ಕರುಳಿಗೇ ನೀರನ್ನು ಎಳೆದು ಭೇದಿ ಹೆಚ್ಚಿಸುತ್ತದೆ. ಎದೆಹಾಲು ಯಾವ ಹಂತದಲ್ಲೂ ನಿಲ್ಲಿಸಬೇಕಿಲ್ಲ. ಭೇದಿ ನಿಲ್ಲಿಸುವ ಮಾತ್ರೆ ಪುಟ್ಟ ಮಕ್ಕಳಿಗೆ ಬೇಡ. ಸತು ಔಷಧ 10ರಿಂದ 14 ದಿನ. ಭೇದಿ ನಿಂತ ಮೇಲೂ ಮುಗಿಸಬೇಕು ಎನ್ನುವುದನ್ನು ಡಿಸ್ಚಾರ್ಜ್ ದಿನ ಮತ್ತೊಮ್ಮೆ ಹೇಳಿ, ಎಲ್ಲರೂ ನಿಲ್ಲಿಸುವುದು ಅಲ್ಲೇ.

ಮೂತ್ರದ ಲೆಕ್ಕಕ್ಕೆ ಡೈಪರ್ ತೂಗಿ. ಒಣ ಡೈಪರಿನ ತೂಕ ಕಳೆದರೆ ಉಳಿದ ಒಂದು ಗ್ರಾಂ ಒಂದು ಮಿಲಿಗೆ ಸಮ. ಪ್ರತಿ ಕೆಜಿಗೆ ಗಂಟೆಗೆ ಕನಿಷ್ಠ 1 ಮಿಲಿ ಬರಬೇಕು. ಭೇದಿಯೂ ಮೂತ್ರವೂ ಬೆರೆತಿದ್ದರೆ 'ಬೆರೆತಿದೆ' ಎಂದೇ ಬರೆಯಿರಿ, ಊಹೆಯಿಂದ ಭಾಗ ಮಾಡಬೇಡಿ. ಡ್ರಿಪ್ಪಿಗೆ ಪೊಟ್ಯಾಸಿಯಂ ಸೇರಿಸುವ ಆದೇಶವಿದ್ದರೆ, ಮಗು ಮೂತ್ರ ಮಾಡಿದೆಯೇ ಎಂದು ನೋಡಿಯೇ ಸೇರಿಸುವುದು. ಪೊಟ್ಯಾಸಿಯಂ ಅನ್ನು ನೇರ ಸಿರಿಂಜಿನಿಂದ ತಳ್ಳುವಂತಿಲ್ಲ, ಎಂದಿಗೂ.

ಶಸ್ತ್ರಚಿಕಿತ್ಸೆಯ ಕಡೆ ಹೊರಟ ಹೊಟ್ಟೆಗಳು

ಮೂರರಿಂದ ಆರು ವಾರದ ಕೂಸು, ಹಾಲು ಕುಡಿದ ಕೂಡಲೇ ದೂರಕ್ಕೆ ಚಿಮ್ಮುವ ವಾಂತಿ, ಪಿತ್ತವಿಲ್ಲ, ವಾಂತಿಯಾದ ಮರುಕ್ಷಣ ಮತ್ತೆ ಹಸಿವು: ಜಠರದ ಕೆಳಬಾಯಿ ದಪ್ಪವಾಗಿ ಕಿರಿದಾಗಿರುವ ಪೈಲೋರಿಕ್ ಸ್ಟೆನೋಸಿಸ್. ಇಲ್ಲಿ ಅವಸರದ ಕೆಲಸ ಆಪರೇಷನ್ ಅಲ್ಲ. ಆಮ್ಲವೆಲ್ಲ ವಾಂತಿಯಲ್ಲಿ ಹೋಗಿ ರಕ್ತದಲ್ಲಿ ಕ್ಲೋರೈಡ್, ಪೊಟ್ಯಾಸಿಯಂ ಇಳಿದಿರುತ್ತವೆ, ಕ್ಷಾರ ಏರಿರುತ್ತದೆ. ಅದನ್ನು ಸರಿಪಡಿಸದೆ ಅರಿವಳಿಕೆ ಕೊಟ್ಟರೆ ಕೂಸು ಉಸಿರು ನಿಲ್ಲಿಸಬಹುದು. 'ಯಾಕೆ ಇನ್ನೂ ಥಿಯೇಟರಿಗೆ ಒಯ್ದಿಲ್ಲ' ಎಂದು ತಂದೆ ಕೇಳುವಾಗ ಈ ಕಾರಣವನ್ನು ಸರಳವಾಗಿ ಹೇಳಿ. ಆಪರೇಷನ್ ಆದ ಮೇಲೂ ಒಂದೆರಡು ದಿನ ಆಗಾಗ ವಾಂತಿ ಆಗುತ್ತದೆ ಎಂದು ಮೊದಲೇ ತಿಳಿಸಿಟ್ಟರೆ ಅರ್ಧ ಗಾಬರಿ ಕಡಿಮೆ.

ಇದೇ ವಯಸ್ಸಿನ ಹತ್ತಿರ, ಇನ್ನೂ ಸ್ವಲ್ಪ ಮುಂಚೆಯೇ, ಉಪ್ಪು ಸೋರುವ ಅಡ್ರಿನಲ್ ಕಾಯಿಲೆಯ ಕೂಸೂ ವಾಂತಿ ಮಾಡುತ್ತ ಬರುತ್ತದೆ. ಲ್ಯಾಬ್ ವರದಿ ಕೈಗೆ ಬಂದಾಗ ಪೊಟ್ಯಾಸಿಯಂ ಸಾಲನ್ನು ಮೊದಲು ನೋಡಿ. ಪೈಲೋರಿಕ್ ಸ್ಟೆನೋಸಿಸ್‌ನಲ್ಲಿ ಅದು ಸಾಮಾನ್ಯ ಅಥವಾ ಕಡಿಮೆ. ಅಡ್ರಿನಲ್ ಕೊರತೆಯಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. 'ಸ್ಯಾಂಪಲಿನಲ್ಲಿ ರಕ್ತಕಣ ಒಡೆದಿರಬೇಕು, ಮತ್ತೆ ಕಳಿಸೋಣ' ಎಂದು ಏರಿದ ಪೊಟ್ಯಾಸಿಯಂ ಅನ್ನು ಬದಿಗೆ ಸರಿಸುವುದು ಸುಲಭ. ಮತ್ತೆ ಕಳಿಸಿ, ಆದರೆ ವೈದ್ಯರಿಗೆ ಆ ಕ್ಷಣವೇ ತಿಳಿಸಿ, ಇಸಿಜಿ ಮಾನಿಟರ್ ಹಾಕಿ.

ಕರುಳಿನೊಳಗೆ ಕರುಳು ತೂರಿಕೊಳ್ಳುವ ಇಂಟಸಸೆಪ್ಷನ್ ಹೆಚ್ಚಾಗಿ ಆರು ತಿಂಗಳಿಂದ ಮೂರು ವರ್ಷದೊಳಗೆ ಬರುತ್ತದೆ. ಮಗು ಇದ್ದಕ್ಕಿದ್ದಂತೆ ಕಾಲು ಮಡಚಿ ಚೀರುತ್ತದೆ, ಕೆಲವು ನಿಮಿಷದಲ್ಲಿ ಸುಮ್ಮನಾಗುತ್ತದೆ, ಮತ್ತೆ ಚೀರುತ್ತದೆ. ನಡುವಿನ ಹೊತ್ತಿನಲ್ಲಿ ನೋಡಿದವರಿಗೆ ಮಗು ಚೆನ್ನಾಗಿಯೇ ಕಾಣುತ್ತದೆ, ಮೋಸ ಹೋಗುವುದು ಅಲ್ಲೇ. ರಕ್ತ ಲೋಳೆ ಬೆರೆತ ಮಲ ತಡವಾಗಿ ಬರುವ ಗುರುತು. ಗುದದ್ವಾರದಿಂದ ಗಾಳಿ ತಳ್ಳಿ ಕರುಳು ಬಿಡಿಸುವ ಎನಿಮಾಕ್ಕೆ ಕಾಯುತ್ತಿರುವಾಗ ಮಗು ಮಾಮೂಲಿ ಮಲ ಮಾಡಿದರೆ ಡೈಪರ್ ಎಸೆಯದೆ ವೈದ್ಯರಿಗೆ ತೋರಿಸಿ, ಕರುಳು ತಾನಾಗಿ ಬಿಚ್ಚಿಕೊಂಡಿರಬಹುದು. ಎನಿಮಾದಿಂದ ಸರಿಹೋದ ಮೇಲೂ ಸುಮಾರು ಹತ್ತರಲ್ಲಿ ಒಬ್ಬರಿಗೆ ಮರುಕಳಿಸುತ್ತದೆ.

ಹುಟ್ಟಿದ 48 ಗಂಟೆಯಾದರೂ ಮೊದಲ ಕಪ್ಪು ಮಲ ಹೋಗದ ಕೂಸಿನಲ್ಲಿ ಹಿರ್ಷ್‌ಸ್ಪ್ರಂಗ್ ಕಾಯಿಲೆಯನ್ನು ನೆನೆಯಬೇಕು: ಕರುಳಿನ ಕೊನೆಯ ಭಾಗದಲ್ಲಿ ನರಕೋಶಗಳೇ ಇರುವುದಿಲ್ಲ. ಹೊಟ್ಟೆಯ ಸುತ್ತಳತೆಯನ್ನು ಹೊಕ್ಕುಳದ ಮಟ್ಟದಲ್ಲಿ, ಪೆನ್ನಿನಿಂದ ಗುರುತು ಹಾಕಿಕೊಂಡು, ಪ್ರತಿ ಸಲ ಅದೇ ಜಾಗದಲ್ಲಿ ಅಳೆಯಿರಿ. ಗುರುತಿಲ್ಲದ ಅಳತೆ ಪಾಳಿ ಬದಲಾದಾಗ ಅರ್ಥ ಕಳೆದುಕೊಳ್ಳುತ್ತದೆ. ಕರುಳು ತೊಳೆಯಲು ಸಲೈನ್ ಮಾತ್ರ. ಬರಿ ನೀರು ಹಾಕಿದರೆ ಕರುಳು ಅದನ್ನು ಹೀರಿಕೊಂಡು ರಕ್ತದ ಸೋಡಿಯಂ ಕುಸಿಯುತ್ತದೆ. ಜ್ವರ, ಉಬ್ಬಿದ ಹೊಟ್ಟೆ, ರಭಸದಿಂದ ಚಿಮ್ಮುವ ದುರ್ವಾಸನೆಯ ಭೇದಿ ಒಟ್ಟಿಗೆ ಕಂಡರೆ ಅದು ಕರುಳುರಿಯೂತ, ಆಪರೇಷನ್ನಿನ ಮುಂಚೆಯೂ ಬರಬಹುದು, ಆದಮೇಲೂ ಬರಬಹುದು. ಪ್ರಾಣಕ್ಕೆ ಎರವಾಗುವ ತೊಡಕು ಇದೇ.

ಇನ್ನೊಂದು ಬಣ್ಣದ ವಿಷಯ. ಎರಡು ವಾರ ದಾಟಿಯೂ ಕಾಮಾಲೆ ಇಳಿಯದ ಕೂಸಿನ ಮಲ ಸುಣ್ಣದಂತೆ ಬಿಳಿಚಿದ್ದು ಮೂತ್ರ ಗಾಢ ಹಳದಿಯಾಗಿದ್ದರೆ ಪಿತ್ತನಾಳ ಮುಚ್ಚಿರಬಹುದು. ಪಿತ್ತ ಕರುಳಿಗೆ ಹರಿಯುವಂತೆ ಮಾಡುವ ಕಸಾಯಿ (Kasai) ಆಪರೇಷನ್ 60 ದಿನದೊಳಗೆ ಆದರೆ ಫಲ ಉತ್ತಮ. 'ಬಿಸಿಲು ತೋರಿಸಿ, ಹೋಗುತ್ತೆ' ಎಂಬ ಸಲಹೆಯಲ್ಲಿ ಕಳೆದುಹೋಗುವುದು ಈ ಅರವತ್ತು ದಿನಗಳೇ.

ಟ್ಯೂಬು, ಸ್ಟೋಮಾ, ಕೆಂಪಾದ ಚರ್ಮ

ಮೂಗಿನ ಟ್ಯೂಬಿನ ಅಳತೆ: ಮೂಗಿನ ತುದಿಯಿಂದ ಕಿವಿಯ ಹಾಲೆಗೆ, ಅಲ್ಲಿಂದ ಎದೆಮೂಳೆಯ ಕೆಳತುದಿ ಮತ್ತು ಹೊಕ್ಕುಳದ ನಡುಬಿಂದುವಿಗೆ. ಹಾಕಿದ ಮೇಲೆ ಸ್ವಲ್ಪ ದ್ರವ ಎಳೆದು ಆಮ್ಲದ ಮಟ್ಟ ತೋರಿಸುವ ಪಿಎಚ್ ಪಟ್ಟಿಯಲ್ಲಿ ನೋಡಿ, 5.5 ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಗಾಳಿ ತಳ್ಳಿ ಸ್ಟೆಥಸ್ಕೋಪಿನಲ್ಲಿ 'ಬುಸ್' ಸದ್ದು ಕೇಳುವ ಹಳೆಯ ವಿಧಾನವನ್ನು ನಂಬಬೇಡಿ. ಟ್ಯೂಬು ಶ್ವಾಸಕೋಶದಲ್ಲಿದ್ದಾಗಲೂ ಆ ಸದ್ದು ಕೇಳುತ್ತದೆ. ಆಮ್ಲ ತಗ್ಗಿಸುವ ಔಷಧ ಪಡೆಯುತ್ತಿರುವ ಮಗುವಿನಲ್ಲಿ ಪಿಎಚ್ ಏರಿರಬಹುದು. ಸಂಶಯವಿದ್ದರೆ ಎಕ್ಸ್‌ರೇ ಆಗುವವರೆಗೆ ಹಾಲು ಹಾಕದಿರುವುದೇ ಸರಿ.

ಸ್ಟೋಮಾ, ಅಂದರೆ ಮಲ ಹೊರಬರಲು ಹೊಟ್ಟೆಯ ಮೇಲೆ ತೆರೆದ ಕರುಳಿನ ಬಾಯಿ, ಕೆಂಪಗೆ ಅಥವಾ ಗುಲಾಬಿಯಾಗಿ, ತೇವವಾಗಿರಬೇಕು. ನೀಲಿ ಕಪ್ಪಾದರೆ ರಕ್ತ ಹರಿಯುತ್ತಿಲ್ಲ. ಚೀಲ ಮೂರನೇ ಒಂದು ಭಾಗ ತುಂಬಿದಾಗಲೇ ಖಾಲಿ ಮಾಡಿ, ಇಲ್ಲವಾದರೆ ಭಾರಕ್ಕೆ ಅಂಟು ಬಿಡುತ್ತದೆ. ಸಣ್ಣ ಕರುಳಿನ ಸ್ಟೋಮಾದಿಂದ ನೀರಿನ ಜೊತೆ ಸೋಡಿಯಂ ಕೂಡ ಹೋಗುತ್ತಿರುತ್ತದೆ, ಅದನ್ನು ಹೊರಹೋದ ಲೆಕ್ಕದಲ್ಲಿ ಸೇರಿಸಿ. ಭೇದಿಯಿಂದ ಕೆಂಪಾದ ಚರ್ಮವನ್ನು ಉಜ್ಜದೆ ನೀರಿನಿಂದ ತೊಳೆದು, ಒತ್ತಿ ಒರೆಸಿ, ಜಿಂಕ್ ಆಕ್ಸೈಡ್ ಮುಲಾಮನ್ನು ದಪ್ಪವಾಗಿ ಹಚ್ಚಿ. ಮುಂದಿನ ಸಲ ಮಲ ಮಾತ್ರ ಒರೆಸಿ ತೆಗೆಯಿರಿ, ಮುಲಾಮಿನ ಪದರವನ್ನು ಕೆರೆಯಬೇಡಿ. ಕೈಗೆ ಸೋಪು ನೀರೇ ಆಗಬೇಕು, ಭೇದಿ ಹರಡುವ ಕೆಲವು ರೋಗಾಣುಗಳು ಸ್ಯಾನಿಟೈಸರಿಗೆ ಬಗ್ಗುವುದಿಲ್ಲ.

ಮಲಬದ್ಧತೆಯ ಮಗು ಒಳ ಉಡುಪು ಕೊಳೆ ಮಾಡಿಕೊಳ್ಳುವುದು ಸೋಮಾರಿತನದಿಂದಲ್ಲ. ಗಟ್ಟಿ ಮಲದ ಪಕ್ಕದಿಂದ ತೆಳು ಮಲ ಅದಕ್ಕೆ ಗೊತ್ತೇ ಆಗದಂತೆ ಸೋರುತ್ತದೆ. ಈ ಒಂದು ಮಾತನ್ನು ಮಗುವಿನ ಎದುರೇ ತಂದೆತಾಯಿಗೆ ಹೇಳಿ, ಮಗುವಿನ ಮುಖ ನೋಡಿ. ಮೊದಲು ತುಂಬಿದ್ದನ್ನು ಖಾಲಿ ಮಾಡಿಸುವುದು, ಆಮೇಲೆ ತಿಂಗಳುಗಟ್ಟಲೆ ಮೆದುವಾಗಿ ಇಡುವುದು. ಊಟವಾದ ಮೇಲೆ 5ರಿಂದ 10 ನಿಮಿಷ, ಕಾಲಿಗೆ ಆಸರೆ ಕೊಟ್ಟು ಕೂರಿಸಬೇಕು. ಎರಡು ವಾರದಲ್ಲಿ ಸರಿಹೋಯಿತೆಂದು ಔಷಧ ಬಿಟ್ಟವರು ಮತ್ತೆ ಬರುತ್ತಾರೆ.

ಕೀಟೋನು ಏರಿದ ಮಗು: ನಿಧಾನವೇ ಚಿಕಿತ್ಸೆ

ಇನ್ಸುಲಿನ್ ಇಲ್ಲದೆ ಕೀಟೋನು ಏರಿ ರಕ್ತ ಆಮ್ಲವಾಗುವ ಈ ಸ್ಥಿತಿಯನ್ನು ಡಯಾಬಿಟಿಕ್ ಕೀಟೋಅಸಿಡೋಸಿಸ್ ಎಂದು ಹೇಳಬೇಕಾದರೆ ಶುಗರ್ 200 ಮಿಗ್ರಾಂ ದಾಟಿರಬೇಕು, ರಕ್ತದ ಪಿಎಚ್ 7.3ಕ್ಕಿಂತ ಅಥವಾ ಬೈಕಾರ್ಬನೇಟ್ 18ಕ್ಕಿಂತ ಕೆಳಗಿರಬೇಕು, ರಕ್ತದಲ್ಲಿ ಕೀಟೋನು 3 ಮಿಲಿಮೋಲ್ ಅಥವಾ ಹೆಚ್ಚಿರಬೇಕು. ಹಾಸಿಗೆಯ ಬಳಿ ಕಾಣುವುದು ಆಳವಾದ ಉಸಿರು, ಕೊಳೆತ ಹಣ್ಣಿನಂಥ ಬಾಯಿವಾಸನೆ, ವಾಂತಿ ಮತ್ತು ಹೊಟ್ಟೆನೋವು. ಹೊಟ್ಟೆನೋವು ಎಷ್ಟಿರುತ್ತದೆಂದರೆ ಅಪೆಂಡಿಕ್ಸ್ ಎಂದು ಶಸ್ತ್ರಚಿಕಿತ್ಸಾ ವಾರ್ಡಿಗೆ ಹೋಗಿಬಿಡುವುದುಂಟು.

ಇಲ್ಲಿ ಮೊದಲು ದ್ರವ, ಆಮೇಲೆ ಇನ್ಸುಲಿನ್. ದ್ರವ ಶುರುವಾಗಿ ಕನಿಷ್ಠ ಒಂದು ಗಂಟೆಯ ನಂತರ ಪ್ರತಿ ಕೆಜಿಗೆ ಗಂಟೆಗೆ 0.05ರಿಂದ 0.1 ಯೂನಿಟ್, ಪಂಪಿನ ಮೂಲಕ. ಮಕ್ಕಳಲ್ಲಿ ಇನ್ಸುಲಿನ್ನನ್ನು ಒಮ್ಮೆಲೇ ತಳ್ಳುವುದಿಲ್ಲ. ಇನ್ಸುಲಿನ್ ಪ್ಲಾಸ್ಟಿಕ್ಕಿಗೆ ಅಂಟಿಕೊಳ್ಳುವ ಗುಣದ್ದು, ಆದ್ದರಿಂದ ಹೊಸ ಟ್ಯೂಬಿನಲ್ಲಿ ಸ್ವಲ್ಪ ದ್ರಾವಣ ಹರಿಯಬಿಟ್ಟು ಚೆಲ್ಲಿದ ಮೇಲೆ ಮಗುವಿಗೆ ಜೋಡಿಸಿ. ಕೊರತೆಯ ದ್ರವವನ್ನು 24ರಿಂದ 48 ಗಂಟೆಗೆ ಹಂಚಲಾಗುತ್ತದೆ. ಭೇದಿಯ ಮಗುವಿನಲ್ಲಿ ನಾಲ್ಕು ಗಂಟೆಯಲ್ಲಿ ಮುಗಿಸಿದ ಕೆಲಸವನ್ನು ಇಲ್ಲಿ ಎರಡು ದಿನ ಎಳೆಯುವುದು ಮಿದುಳಿನ ಊತದ ಭಯದಿಂದ.

ಆ ಊತವನ್ನು ಮೊದಲು ಕಾಣಬೇಕಾದವರು ನೀವೇ. ಪ್ರತಿ ಗಂಟೆ ಶುಗರ್ ಜೊತೆ ಮಗುವಿನ ಎಚ್ಚರದ ಮಟ್ಟ, ಕಣ್ಣಪಾಪೆ, ನಾಡಿ, ರಕ್ತದೊತ್ತಡ ಬರೆಯಿರಿ. ಸುಧಾರಿಸುತ್ತಿದ್ದ ಮಗು ತಲೆನೋವು ಎನ್ನುತ್ತದೆ, ನಿಂತಿದ್ದ ವಾಂತಿ ಮತ್ತೆ ಬರುತ್ತದೆ, ನಾಡಿ ನಿಧಾನವಾಗುತ್ತದೆ, ಒತ್ತಡ ಏರುತ್ತದೆ, ಕಾರಣವಿಲ್ಲದೆ ಸಿಡುಕುತ್ತದೆ ಅಥವಾ ಮಂಪರಾಗುತ್ತದೆ. ಇಂಥ ಸಮಯದಲ್ಲಿ 'ರಾತ್ರಿಯಿಡೀ ನಿದ್ದೆಗೆಟ್ಟಿದೆ, ಮಲಗಲಿ' ಎಂದು ಬಿಡುವುದೇ ಅಪಾಯ. ತಲೆಯ ಕಡೆ ಎತ್ತರಿಸಿ, ವೈದ್ಯರನ್ನು ಕರೆಯಿರಿ. ಊತ ತಗ್ಗಿಸುವ ಮ್ಯಾನಿಟಾಲ್ ಅಥವಾ ಶೇ. 3ರ ಸಲೈನ್ ಮೊದಲಿನಿಂದಲೂ ಹಾಸಿಗೆಯ ಪಕ್ಕದಲ್ಲೇ, ಮಗುವಿನ ತೂಕಕ್ಕೆ ಲೆಕ್ಕ ಹಾಕಿ ಬರೆದಿಟ್ಟು ಸಿದ್ಧವಿರಬೇಕು.

ಶುಗರ್ 250-300ಕ್ಕೆ ಇಳಿದಾಗ ಡ್ರಿಪ್ಪಿಗೆ ಡೆಕ್ಸ್‌ಟ್ರೋಸ್ ಸೇರುತ್ತದೆ. ಹೊಸದಾಗಿ ಡ್ಯೂಟಿಗೆ ಬಂದವರಿಗೆ ಇದು ವಿಚಿತ್ರವೆನಿಸಿ, ಶುಗರ್ ಇಳಿಯಿತಲ್ಲ ಎಂದು ಇನ್ಸುಲಿನ್ ಪಂಪನ್ನೇ ನಿಲ್ಲಿಸಿಬಿಡುವ ಸಂಭವವುಂಟು. ಇನ್ಸುಲಿನ್ ಓಡುತ್ತಿರುವುದು ಕೀಟೋನು ಅಳಿಸಲು. ಅದು ಅಳಿಯುವವರೆಗೆ ಪಂಪು ನಿಲ್ಲಬಾರದು. ಪೊಟ್ಯಾಸಿಯಂ ಕೂಡ ಇನ್ಸುಲಿನ್ ಜೊತೆ ಜೀವಕೋಶದೊಳಗೆ ಸರಿದು ರಕ್ತದಲ್ಲಿ ಇಳಿಯುತ್ತದೆ, ಇಸಿಜಿ ಮೇಲೆ ಕಣ್ಣಿರಲಿ. ಚರ್ಮದಡಿಯ ಮೊದಲ ಇಂಜೆಕ್ಷನ್ ಕೊಟ್ಟು, ಅದು ಕೆಲಸ ಶುರು ಮಾಡಲು ಸಮಯ ಬಿಟ್ಟು, ಆಮೇಲಷ್ಟೇ ಪಂಪು ತೆಗೆಯುವುದು. ಕೆನಡಾದ ಟೊರಾಂಟೋದಲ್ಲಿ 1922ರ ಜನವರಿಯಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಮೊದಲ ಬಾರಿ ಇನ್ಸುಲಿನ್ ಚುಚ್ಚುವವರೆಗೆ ಈ ಸ್ಥಿತಿಗೆ ಬಂದ ಮಗು ಉಳಿಯುತ್ತಿರಲಿಲ್ಲ.

ಶುಗರ್ 70ರ ಕೆಳಗೆ ಇಳಿದಾಗ

ಬೆವರು, ನಡುಕ, ಬಿಳಿಚಿದ ಮುಖ, ಹಠ, ಮಾತು ತೊದಲುವುದು. ಪುಟ್ಟ ಮಗು ಏನನ್ನೂ ಹೇಳದು, ಸುಮ್ಮನೆ ಅಳುತ್ತದೆ ಅಥವಾ ಮಂಕಾಗುತ್ತದೆ. ಈ ಕ್ರಮವನ್ನು ತಂದೆತಾಯಿಗೂ ಬಾಯಿಪಾಠ ಮಾಡಿಸಿ:

1. ಶುಗರ್ ನೋಡಿ. ಯಂತ್ರ ಕೈಗೆ ಸಿಗದಿದ್ದರೆ ಇಳಿದಿದೆ ಎಂದೇ ತಿಳಿದು ಮುಂದುವರಿಯಿರಿ.
2. ಎಚ್ಚರವಿದ್ದು ನುಂಗಬಲ್ಲ ಮಗುವಿಗೆ ಪ್ರತಿ ಕೆಜಿಗೆ 0.3 ಗ್ರಾಂ ಗ್ಲೂಕೋಸ್ ಬಾಯಿಂದ. 30 ಕೆಜಿಯ ಮಗುವಿಗೆ 9 ಗ್ರಾಂ. ಚಾಕೊಲೇಟ್ ಬೇಡ, ಅದರಲ್ಲಿರುವ ಕೊಬ್ಬು ಸಕ್ಕರೆಯನ್ನು ತಡವಾಗಿಸುತ್ತದೆ.
3. 15 ನಿಮಿಷದ ನಂತರ ಮತ್ತೆ ನೋಡಿ. ಏರದಿದ್ದರೆ ಅಷ್ಟೇ ಪ್ರಮಾಣ ಇನ್ನೊಮ್ಮೆ.
4. ಪ್ರಜ್ಞೆ ಇಲ್ಲ, ಅಥವಾ ಫಿಟ್ಸ್ ಬಂದಿದೆ: ಬಾಯಿಗೆ ಏನೂ ಹಾಕಬೇಡಿ. ಪಕ್ಕಕ್ಕೆ ಮಲಗಿಸಿ. ಶುಗರ್ ಏರಿಸುವ ಗ್ಲುಕಗಾನ್ ಇಂಜೆಕ್ಷನ್, 25 ಕೆಜಿಗಿಂತ ಕಡಿಮೆ ಇದ್ದರೆ ಅರ್ಧ ಮಿಗ್ರಾಂ, ಹೆಚ್ಚಿದ್ದರೆ ಒಂದು ಮಿಗ್ರಾಂ. ಆಸ್ಪತ್ರೆಯಲ್ಲಾದರೆ ರಕ್ತನಾಳಕ್ಕೆ ಶೇ. 10ರ ಡೆಕ್ಸ್‌ಟ್ರೋಸ್, ಪ್ರತಿ ಕೆಜಿಗೆ 2 ಮಿಲಿ.

ಗ್ಲುಕಗಾನ್ ಆದ ಮೇಲೆ ವಾಂತಿ ಸಾಮಾನ್ಯ, ಪಕ್ಕಕ್ಕೆ ಮಲಗಿಸುವುದು ಅದಕ್ಕೂ ಸೇರಿ.

ಇನ್ಸುಲಿನ್ ಕಲಿಸುವಾಗ ಸಿರಿಂಜಿನ ವಿಷಯವನ್ನು ಬಿಡಿಸಿ ಹೇಳಿ. ಒಂದು ಮಿಲಿಗೆ 40 ಯೂನಿಟ್ಟಿನ ಬಾಟಲಿಗೆ 40ರ ಸಿರಿಂಜು, 100ರ ಬಾಟಲಿಗೆ 100ರದು. 100ರ ಇನ್ಸುಲಿನ್ನನ್ನು 40ರ ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಒಳಗೆ ಹೋಗುತ್ತದೆ. ತೆರೆಯದ ಬಾಟಲಿ 2ರಿಂದ 8 ಡಿಗ್ರಿಯಲ್ಲಿರಬೇಕು. ಫ್ರೀಜರಿನಲ್ಲಿ ಹೆಪ್ಪುಗಟ್ಟಿದ್ದರೆ ಕರಗಿಸಿ ಬಳಸುವಂತಿಲ್ಲ. ಚುಚ್ಚುವ ಜಾಗ ದಿನವೂ ಬದಲಾಗಬೇಕು. ನೋವಿಲ್ಲವೆಂದು ಮಕ್ಕಳು ಒಂದೇ ಜಾಗ ಕೇಳುತ್ತಾರೆ, ಅಲ್ಲಿ ಕೊಬ್ಬು ಗಂಟುಗಟ್ಟಿ ಇನ್ಸುಲಿನ್ ಹೀರುವುದು ಏರುಪೇರಾಗುತ್ತದೆ. ಬೆರಳಿನಿಂದ ಸವರಿ ನೋಡುವುದನ್ನು ಕಲಿಸಿ, ಗಂಟು ಕಣ್ಣಿಗಿಂತ ಮೊದಲು ಕೈಗೆ ಸಿಗುತ್ತದೆ.

ಎಲ್ಲಕ್ಕಿಂತ ಮುಖ್ಯ ಪಾಠ ಜ್ವರ, ವಾಂತಿಯ ದಿನದ್ದು. 'ಏನೂ ತಿಂದಿಲ್ಲ, ಇನ್ಸುಲಿನ್ ಬೇಡ' ಎಂಬ ತರ್ಕ ಎಲ್ಲ ಮನೆಗಳಲ್ಲೂ ಹುಟ್ಟುತ್ತದೆ, ಅದಕ್ಕೆ ಅರ್ಥವೂ ಇದೆ, ಆದರೆ ತಪ್ಪು. ಪ್ರಮಾಣ ಬದಲಾಗಬಹುದು, ದೀರ್ಘಕಾಲದ ಇನ್ಸುಲಿನ್ ಪೂರ್ತಿ ನಿಲ್ಲುವಂತಿಲ್ಲ. ಎರಡರಿಂದ ನಾಲ್ಕು ಗಂಟೆಗೊಮ್ಮೆ ಶುಗರ್, ಜೊತೆಗೆ ಕೀಟೋನು ನೋಡಿ ಫೋನು ಮಾಡಬೇಕು.

ಅಡ್ರಿನಲ್ ಕೈಕೊಟ್ಟಾಗ

ಹುಟ್ಟಿನಿಂದ ಬರುವ ಅಡ್ರಿನಲ್ ಹೈಪರ್‌ಪ್ಲೇಸಿಯಾದಲ್ಲಿ ಹೆಣ್ಣುಕೂಸಿನ ಜನನಾಂಗ ಬೇರೆ ರೀತಿ ಕಾಣುವುದರಿಂದ ಹೆರಿಗೆ ಕೋಣೆಯಲ್ಲೇ ಅನುಮಾನ ಬರುತ್ತದೆ. ಗಂಡುಕೂಸು ಮಾಮೂಲಿನಂತೆ ಕಾಣುತ್ತದೆ, ಮನೆಗೆ ಹೋಗುತ್ತದೆ, ಒಂದರಿಂದ ಮೂರು ವಾರದಲ್ಲಿ ವಾಂತಿ, ತೂಕ ಇಳಿತ, ಆಘಾತದೊಂದಿಗೆ ಮರಳುತ್ತದೆ. ಜನನಾಂಗ ಸ್ಪಷ್ಟವಿಲ್ಲದ ಕೂಸಿನ ವಿಷಯದಲ್ಲಿ ಪರೀಕ್ಷೆ ಮುಗಿಯುವವರೆಗೆ ಗಂಡೋ ಹೆಣ್ಣೋ ಊಹಿಸಿ ಹೇಳಬೇಡಿ, ಗುರುತಿನ ಪಟ್ಟಿಯಲ್ಲೂ ಬರೆಯಬೇಡಿ. 'ನಿಮ್ಮ ಮಗು' ಎನ್ನಿ. ನೋಡಲು ಬರುವ ವಿದ್ಯಾರ್ಥಿಗಳ ಗುಂಪನ್ನು ತಡೆಯುವುದೂ ನಿಮ್ಮ ಕೆಲಸದ ಭಾಗ.

ಹೈಡ್ರೋಕಾರ್ಟಿಸೋನ್ ಈ ಗ್ರಂಥಿಯ ಹಾರ್ಮೋನಿಗೆ ಬದಲಾಗಿ ದಿನವೂ ಕೊಡುವ ಸ್ಟೀರಾಯ್ಡ್ ಔಷಧ. ಜ್ವರ ಬಂದರೆ ಎರಡು ಅಥವಾ ಮೂರು ಪಟ್ಟು, ವೈದ್ಯರು ಬರೆದುಕೊಟ್ಟಂತೆ. ವಾಂತಿಯಾಗಿ ಮಾತ್ರೆ ನಿಲ್ಲುತ್ತಿಲ್ಲ ಎಂದರೆ ಇಂಜೆಕ್ಷನ್ ಕೊಡಲೇಬೇಕು: ಮೂರು ವರ್ಷದೊಳಗೆ 25 ಮಿಗ್ರಾಂ, ಮೂರರಿಂದ ಹನ್ನೆರಡರವರೆಗೆ 50, ಅದಕ್ಕಿಂತ ದೊಡ್ಡವರಿಗೆ 100. ತಾಯಿಗೆ ತೊಡೆಗೆ ಚುಚ್ಚುವುದನ್ನು ಕಲಿಸಿಯೇ ಕಳಿಸಿ. 'ಒಂದು ಡೋಸ್ ಹೆಚ್ಚಾಗಿ ಕೊಟ್ಟರೆ ಏನಾದರೂ ಆಗುತ್ತಾ?' ಎಂದು ಆಕೆ ಕೇಳುತ್ತಾಳೆ. ತುರ್ತಿನಲ್ಲಿ ಒಂದು ಡೋಸ್ ಕೊಟ್ಟು ತಪ್ಪಾಗುವುದಿಲ್ಲ, ಕೊಡದೆ ಕಾದರೆ ಜೀವ ಹೋಗಬಹುದು. ಆಸ್ತಮಾಕ್ಕೋ ಮೂತ್ರಪಿಂಡದ ಕಾಯಿಲೆಗೋ ಬಹುದಿನ ಸ್ಟೀರಾಯ್ಡ್ ನುಂಗಿದ ಮಗುವಿಗೂ ಈ ಎಚ್ಚರಿಕೆ ಬೇಕು, ಹಠಾತ್ತನೆ ನಿಲ್ಲಿಸಿದರೆ ಇದೇ ಬಿಕ್ಕಟ್ಟು ಬರುತ್ತದೆ.

ಥೈರಾಯ್ಡ್ ಮಾತ್ರೆ ಮತ್ತು ಉಳಿದವು

ಹುಟ್ಟಿನಿಂದಲೇ ಥೈರಾಯ್ಡ್ ಕೊರತೆ ಇರುವ ಕೂಸು: ಸದಾ ನಿದ್ದೆ, ಹಾಲಿಗೆ ಎಬ್ಬಿಸಬೇಕು, ಮಲ ಹೋಗುವುದಿಲ್ಲ, ಕಾಮಾಲೆ ಇಳಿಯುವುದಿಲ್ಲ, ಅಳು ಗೊಗ್ಗರು. ಮನೆಯವರು ಇಂಥ ಕೂಸನ್ನು 'ಬಹಳ ಒಳ್ಳೆಯ ಮಗು, ಅಳುವುದೇ ಇಲ್ಲ' ಎಂದು ಹೊಗಳುತ್ತಾರೆ. ಹುಟ್ಟಿದ 48ರಿಂದ 72 ಗಂಟೆಯಲ್ಲಿ ಹಿಮ್ಮಡಿಯಿಂದ ತೆಗೆಯುವ ರಕ್ತದ ಹನಿ ಈ ಲಕ್ಷಣಗಳಿಗಿಂತ ಬಹಳ ಮುಂಚೆ ತಿಳಿಸಿಬಿಡುತ್ತದೆ. ಮೊದಲ ಎರಡು ವಾರದೊಳಗೆ ಔಷಧ ಶುರುವಾದರೆ ಮಿದುಳಿನ ಬೆಳವಣಿಗೆಗೆ ಪೆಟ್ಟು ಬೀಳುವುದು ತಪ್ಪುತ್ತದೆ. ಥೈರಾಯ್ಡ್ ಮಾತ್ರೆಯಾದ ಲೆವೊಥೈರಾಕ್ಸಿನ್ ಪ್ರಮಾಣ ದಿನಕ್ಕೆ ಪ್ರತಿ ಕೆಜಿಗೆ 10ರಿಂದ 15 ಮೈಕ್ರೋಗ್ರಾಂ. ಮಿಲಿಗ್ರಾಂ ಅಲ್ಲ, ಎರಡು ಸಲ ಓದಿ.

ಮಾತ್ರೆಯನ್ನು ಪುಡಿಮಾಡಿ ಚಮಚದಲ್ಲಿ ಸ್ವಲ್ಪ ಎದೆಹಾಲು ಅಥವಾ ನೀರಿನಲ್ಲಿ ಕಲಸಿ ಆ ಕ್ಷಣವೇ ಕುಡಿಸಿ. ಪೂರ್ತಿ ಬಾಟಲಿ ಹಾಲಿಗೆ ಹಾಕಿದರೆ ಕೂಸು ಅರ್ಧ ಬಿಟ್ಟಾಗ ಎಷ್ಟು ಹೋಯಿತೆಂದು ಯಾರಿಗೂ ಗೊತ್ತಾಗುವುದಿಲ್ಲ. ಕಬ್ಬಿಣ, ಕ್ಯಾಲ್ಸಿಯಂ ಔಷಧ ಮತ್ತು ಸೋಯಾ ಹಾಲು ಇದನ್ನು ಹೀರಿಕೊಳ್ಳಲು ಬಿಡುವುದಿಲ್ಲ, ಹೊತ್ತು ಬೇರೆ ಮಾಡಿ. ನಾಡಿ ಓಡುತ್ತಿದ್ದರೆ, ಬೆವರುತ್ತಿದ್ದರೆ, ಭೇದಿಯಾಗುತ್ತಿದ್ದರೆ ಪ್ರಮಾಣ ಹೆಚ್ಚಾಗಿರಬಹುದು.

ವ್ಯಾಸೊಪ್ರೆಸಿನ್ ಕೊರತೆಯ ಮಗುವಿನ ಮೂತ್ರ ನೀರಿನಂತೆ ತೆಳ್ಳಗಿರುತ್ತದೆ, ಸಾಂದ್ರತೆ 1.005ಕ್ಕಿಂತ ಕಡಿಮೆ. ಕೈಗೆಟಕುವಂತೆ ನೀರಿಡಿ, ದಿನವೂ ತೂಗಿ. ಆ ಹಾರ್ಮೋನಿಗೆ ಬದಲಾಗಿ ಕೊಡುವ ಡೆಸ್ಮೋಪ್ರೆಸಿನ್ ಶುರುವಾದ ಮೇಲೆ ಅಪಾಯ ತಿರುವುಮುರುವಾಗುತ್ತದೆ: ಅಭ್ಯಾಸಬಲದಿಂದ ಕುಡಿಯುತ್ತಲೇ ಇದ್ದರೆ ನೀರು ಒಳಗೇ ನಿಂತು ಸೋಡಿಯಂ ಕುಸಿದು ಫಿಟ್ಸ್ ಬರಬಹುದು. ಬೆಳವಣಿಗೆಯ ಹಾರ್ಮೋನು ಪಡೆಯುವ ಮಗು ಕುಂಟಿದರೆ, ಸೊಂಟ ಅಥವಾ ಮೊಣಕಾಲು ನೋವೆಂದರೆ, ತಲೆನೋವೆಂದರೆ ತಿಳಿಸಲು ಹೇಳಿ. ಎಂಟು ವರ್ಷದೊಳಗೆ ಮೈನೆರೆಯುವ ಲಕ್ಷಣ ಕಂಡ ಹುಡುಗಿ, ಒಂಬತ್ತರೊಳಗೆ ಕಂಡ ಹುಡುಗ ನೋಡಲು ದೊಡ್ಡವರು, ಬುದ್ಧಿಯಲ್ಲಿ ಅದೇ ಏಳು ವರ್ಷದವರು. ಮಾತನಾಡುವಾಗ ವಯಸ್ಸನ್ನು ನೋಡಿ, ಮೈಯನ್ನಲ್ಲ.

ಮನೆಗೆ ಕಳಿಸುವ ಮುನ್ನ

ಹೇಳಿಕೊಟ್ಟದ್ದನ್ನು 'ಅರ್ಥವಾಯ್ತಾ?' ಎಂದು ಕೇಳಬೇಡಿ. ಮಾಡಿ ತೋರಿಸಲು ಹೇಳಿ. ಇನ್ಸುಲಿನ್ ಎಳೆಯಲಿ, ಸ್ಟೋಮಾ ಚೀಲ ಬದಲಿಸಲಿ, ಓಆರ್‌ಎಸ್ ಕಲಸಲಿ. ಮನೆಯಲ್ಲಿ ನಿಜವಾಗಿ ಔಷಧ ಕೊಡುವವರು ಅಜ್ಜಿಯಾಗಿದ್ದರೆ ಅವರನ್ನೇ ಕರೆಸಿ ಕಲಿಸಿ. ಸೀಲಿಯಾಕ್ ಮಗುವಿನ ಮನೆಯವರಿಗೆ ಗೋಧಿ, ಬಾರ್ಲಿ, ರೈ ಬಿಡುವುದು ಹೊಟ್ಟೆನೋವು ಹೋಗುವವರೆಗಲ್ಲ, ಜೀವನಪೂರ್ತಿ ಎಂದು ತಿಳಿಸಿ. ಒಂದನೇ ಬಗೆಯ ಡಯಾಬಿಟಿಸ್ ಇರುವ ಮಕ್ಕಳಲ್ಲಿ ಸೀಲಿಯಾಕ್, ಥೈರಾಯ್ಡ್ ಎರಡೂ ಹೆಚ್ಚು ಕಾಣುವುದರಿಂದ ಅವರ ರಕ್ತಪರೀಕ್ಷೆಯ ಚೀಟಿಯಲ್ಲಿ ಇವೂ ಇವೆಯೇ ನೋಡಿ.

ಒಂದು ಹಾಳೆಯಲ್ಲಿ ಕಾಯಿಲೆಯ ಹೆಸರು, ದಿನದ ಔಷಧ, ತುರ್ತಿನಲ್ಲಿ ಕೊಡಬೇಕಾದ್ದು, ಈಗಿನ ತೂಕ, ಕರೆ ಮಾಡಬೇಕಾದ ನಂಬರು ಬರೆದುಕೊಡಿ. ಅದರ ಒಂದು ಪ್ರತಿ ಶಾಲೆಗೆ, ಒಂದು ಮಗುವಿನ ಬ್ಯಾಗಿಗೆ. ತೂಕ ಬದಲಾದಂತೆ ಪ್ರಮಾಣವೂ ಬದಲಾಗುತ್ತದೆ, ಆದ್ದರಿಂದ ಹಾಳೆಯ ಮೇಲೆ ದಿನಾಂಕ ಹಾಕಿ, ಪ್ರತಿ ಭೇಟಿಯಲ್ಲೂ ಹಳೆಯದನ್ನು ಹರಿದು ಹೊಸದು ಕೊಡಿ.